ಸರಳಾ ಸುತ್ತಿದ ಮಿಂಚು

ಡೊಂಬಿವಲಿ ಪೂರ್ವದ ಸರಳಾಗೆ ಜಂಬ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು, ಧಾರಾಳವಾಗಿ ಇತ್ತು, ಅದಕ್ಕೆ ತಕ್ಕ ಕಾರಣವೂ ಇತ್ತು. ಥಾಣೆಯ ವಾಗಳೆ ಎಸ್ಟೇಟಿನ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಅವಳು ಇಪ್ಪತ್ತೆರಡು ವರ್ಷ ತಾಮ್ರದ ತಂತಿ ಸುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಅವಳ ಕೈಯಿಂದ ಹೋದ ಕಾಯಿಲ್, ಎಂದರೆ ಆ ತಂತಿಯ ಸುರುಳಿ, ಒಂದಾದರೂ ಸುಟ್ಟು ವಾಪಸು ಬಂದಿರಲಿಲ್ಲ. ಕಾರ್ಖಾನೆ ಬಾಗಿಲು ಹಾಕಿ ನಾಲ್ಕು ವರ್ಷವಾಗಿತ್ತು. ಆದರೂ ಈ ಮಾತನ್ನು ಹೊಸದಾಗಿ ಬಂದ ನೆರೆಯವರಿಗೆ, ಹಾಲಿನವನಿಗೆ, ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಪಕ್ಕ ಕೂತ ಅಪರಿಚಿತರಿಗೆ ಅವಳು ಹೇಳದೆ ಬಿಡುತ್ತಿರಲಿಲ್ಲ. ಗಂಡ ಕಿಟ್ಟು ಇದನ್ನು ಕೇಳಿ ಕೇಳಿ ಕಿವಿ ತೂತಾದವನು.

ಈ ಕಿಟ್ಟು ಥಾಣೆಯ ನೌಪಾಡಾದಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಆ ಹೋಟೆಲಿನ ಮಾಳಿಗೆಯ ಮೇಲೇ ಅಲ್ಲಿನ ಕನ್ನಡ ಸಂಘದ ಹಾಲ್. ಸಂಘದ ಅಧ್ಯಕ್ಷರು ಮಧ್ವರಾಜರು, ಅರವತ್ತನಾಲ್ಕರ ಪ್ರಾಯ, ಮದುವೆ ಅಡುಗೆಯ ಕಂಟ್ರಾಕ್ಟು ಹಿಡಿಯುವವರು, ಹೊಟ್ಟೆಯೂ ಆ ಕಸುಬಿಗೆ ತಕ್ಕಂತೆ ಇತ್ತು. ಪ್ರತಿ ರಾಜ್ಯೋತ್ಸವಕ್ಕೂ ಇಂದ್ರ ವೃತ್ರಾಸುರರ ಕಾಳಗದ ನಾಟಕವನ್ನು ಅವರೇ ಬರೆದು, ಅವರೇ ನಿರ್ದೇಶಿಸಿ, ಇಂದ್ರನ ಪಾತ್ರವನ್ನೂ ಅವರೇ ಮಾಡುತ್ತಿದ್ದರು. ಬೇರೆಯವರು ಮಾಡಲಿ ಎಂದು ಒಮ್ಮೆ ಯಾರೋ ಸೂಚಿಸಿದ್ದರು. ಅವರು ಈಗ ಸಂಘಕ್ಕೆ ಬರುವುದಿಲ್ಲ.

ಹೋದ ವರ್ಷ ಒಂದು ಅನಾಹುತ ಆಗಿತ್ತು. ಇಂದ್ರನ ಥರ್ಮಾಕೋಲಿನ ವಜ್ರಾಯುಧ ವೃತ್ರಾಸುರನ ತಲೆಗೆ ತಾಗಿ ಎರಡು ತುಂಡಾಯಿತು. ಪ್ರೇಕ್ಷಕರು ಹತ್ತು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕರು. ಸತ್ತು ಬಿದ್ದಿದ್ದ ವೃತ್ರನೂ ನಕ್ಕ. ಮಧ್ವರಾಜರಿಗೆ ಮೈಯೆಲ್ಲ ಉರಿದುಹೋಯಿತು. ಹಾಗಾಗಿ ಎರಡು ಸಾವಿರದ ಹನ್ನೆರಡರ ಮಳೆಗಾಲದ ಮೀಟಿಂಗಿನಲ್ಲಿ ಅವರು ಮೇಜು ಕುಟ್ಟಿ, "ಈ ಸಲ ನಿಜವಾದ ಮಿಂಚು ಬೇಕು, ಥರ್ಮಾಕೋಲು ಗಿರ್ಮಾಕೋಲು ಬೇಡ" ಎಂದರು.

ಆಗ ಕೈ ಎತ್ತಿದವನು ಹೃಷಿಕೇಶ್. ಮೈಸೂರಿನವನು, ಮೂವತ್ತನಾಲ್ಕು ವರ್ಷ, ಮನೆ ಸಾನಪಾಡಾದಲ್ಲಿ, ಕೆಲಸ ಐರೋಲಿಯ ಐಟಿ ಕಂಪನಿಯೊಂದರಲ್ಲಿ. ದಿನವಿಡೀ ಕಂಪ್ಯೂಟರ್ ಕುಟ್ಟಿ ಸಾಕಾಗಿದ್ದ ಅವನಿಗೆ ಕೈಯಲ್ಲಿ ಮುಟ್ಟಿ ಮಾಡುವಂಥದ್ದು ಏನಾದರೂ ಬೇಕಾಗಿತ್ತು. ಟೆಸ್ಲಾ ಕಾಯಿಲ್ ಅಂತ ಒಂದುಂಟು, ಉದ್ದನೆಯ ಪೈಪಿಗೆ ಸಾವಿರಾರು ಸುತ್ತು ತಂತಿ ಸುತ್ತಿ, ಬುಡದಲ್ಲಿ ಕರೆಂಟನ್ನು ಸೆಕೆಂಡಿಗೆ ಲಕ್ಷಾಂತರ ಸಲ ತುಯ್ದಾಡಿಸಿದರೆ ತುದಿಯಿಂದ ಮಿಂಚು ಗಾಳಿಗೆ ಹಾರುತ್ತದೆ, ಎಂದು ಅವನು ವಿವರಿಸಿದ. ಮಧ್ವರಾಜರಿಗೆ ಅರ್ಥವಾದದ್ದು ಮಿಂಚು ಹಾರುತ್ತದೆ ಎಂಬಷ್ಟೇ. ಅವರಿಗೆ ಅಷ್ಟು ಸಾಕಾಯಿತು. ಸುತ್ತುವ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂದಾಗ ಕೆಳಗಿನಿಂದ ಚಹಾ ತಂದಿದ್ದ ಕಿಟ್ಟು ನಿಟ್ಟುಸಿರು ಬಿಟ್ಟು, "ನಮ್ಮನೆಯಲ್ಲಿ ಒಬ್ಬಳು ಉಂಟು" ಎಂದ.

ಸರಳಾ ಒಂದೇ ವಾರದಲ್ಲಿ ಸುತ್ತಿ ಮುಗಿಸಿದಳು. ಎರಡಡಿ ಎತ್ತರದ ಪಿವಿಸಿ ಪೈಪು, ಇಪ್ಪತ್ತೆಂಟು ಗೇಜಿನ ಎನಾಮಲ್ ತಂತಿ, ಒಟ್ಟು ಸಾವಿರದ ನಾಲ್ಕುನೂರು ಸುತ್ತು. ನಡುವೆ ಫೋನ್ ಬಂದರೂ ಎತ್ತಲಿಲ್ಲ. ಮುಗಿದ ಮೇಲೆ ಕಾರ್ಖಾನೆಯ ಮೊದಲ ದಿನದಿಂದ ಮಾಡಿಕೊಂಡು ಬಂದಂತೆ, ತೇದ ಗಂಧದಲ್ಲಿ ಕುಂಕುಮ ಕಲಸಿ, ಉಂಗುರದ ಬೆರಳಿನಲ್ಲಿ ಕಾಯಿಲ್‌ಗೆ ಒಂದು ಬೊಟ್ಟಿಟ್ಟು, ಕೊಲ್ಲೂರು ಮೂಕಾಂಬಿಕೆಯನ್ನು ನೆನೆದಳು. ಮೇಲೆ ಕೆಂಪು ವಾರ್ನಿಶ್ ಬಳಿದಳು. ಅವಳ ಕಾಯಿಲ್‌ಗಳೆಲ್ಲ ಹೀಗೇ ಹೊರಗೆ ಹೋದವು, ವಾರ್ನಿಶ್ ಕೆಂಪಗಿದ್ದದ್ದರಿಂದ ಬೊಟ್ಟು ಯಾವ ಇನ್ಸ್‌ಪೆಕ್ಟರನ ಕಣ್ಣಿಗೂ ಬಿದ್ದದ್ದಿಲ್ಲ. ಮನುಷ್ಯರ ಹಣೆಗೆ ಬೊಟ್ಟಿಡುವವರು ಇಷ್ಟು ದುಡಿಯುವ ವಸ್ತುವನ್ನು ಬೋಳುಬೋಳಾಗಿ ಕಳಿಸುವುದಾ, ಎನ್ನುವುದು ಅವಳ ಮಾತು.

ಭಾನುವಾರ ಕಾಯಿಲನ್ನು ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ, ಎದೆಗವಚಿಕೊಂಡು ಟ್ರೇನು ಹತ್ತಿದಳು. ಮುಂದಿನ ಸ್ಟೇಷನ್ ದಾಟುವುದರೊಳಗೆ ಒಬ್ಬಾಕೆ ಎದ್ದು ಸೀಟು ಬಿಟ್ಟುಕೊಟ್ಟು, "ಬಾಳ್ ಕಿತೀ ಮಹಿನ್ಯಾಂಚಂ?" ಎಂದು ಕೇಳಿದಳು. ಮಗುವಿಗೆ ಎಷ್ಟು ತಿಂಗಳು ಎಂದು ಕೇಳಿದರೆ ಸರಳಾ ಏನು ಹೇಳಬೇಕು? ಸೀಟು ಸಿಕ್ಕಿತಲ್ಲ, ಒಂದು ವಾರದ್ದು ಎಂದಳು. ಥಾಣೆ ಬರುವ ತನಕ ಮುಖ ತೋರಿಸು ಎಂದು ನಾಲ್ಕು ಮಂದಿ ಗಂಟುಬಿದ್ದರು, ನಿದ್ದೆ ಬಂದಿದೆ ಎಂದು ಹೇಳಿ ತಪ್ಪಿಸಿಕೊಂಡಳು.

ಸಂಘದ ಹಾಲ್‌ನಲ್ಲಿ ಹೃಷಿಕೇಶ್ ಎಲ್ಲ ಸಜ್ಜು ಮಾಡಿದ್ದ. ಬುಡದಲ್ಲಿ ತಾಮ್ರದ ನಳಿಗೆಯ ಹತ್ತು ಸುತ್ತು, ಪಕ್ಕದಲ್ಲಿ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್. ಕಾಯಿಲಿನ ತಲೆಯ ಮೇಲೆ ನುಣ್ಣನೆಯ ದುಂಡು ಲೋಹ ಬೇಕೆಂದು ಹೋಟೆಲಿನ ಎರಡು ಅಲ್ಯೂಮಿನಿಯಂ ಬೋಗುಣಿಗಳನ್ನು ಬಾಯಿಗೆ ಬಾಯಿ ಕೂರಿಸಿದ್ದ. ಹತ್ತಡಿ ದೂರದಲ್ಲಿ ಕುರ್ಚಿಗಳ ಬೇಲಿ ಹಾಕಿ, ಯಾರೂ ದಾಟಬಾರದು ಎಂದು ಮೂರು ಸಲ ಹೇಳಿದ. ಮಧ್ವರಾಜರು ಭಾವ ಬರಲಿ ಎಂದು ಕಿರೀಟ ಧರಿಸಿ ಬಂದಿದ್ದರು.

ಸ್ವಿಚ್ ಒತ್ತಿದ್ದೇ ಕಟಕಟ ಸದ್ದು ಮಾಡುತ್ತ ನೇರಳೆ ಬಣ್ಣದ ಮಿಂಚು ಒಂದೂವರೆ ಅಡಿ ಹಾರಿತು. ಎದುರಿನ ಬಿಲ್ಡಿಂಗಿನಲ್ಲಿ ಯಾರದೋ ಟೀವಿಯ ಸೀರಿಯಲ್ ನಿಂತುಹೋಗಿ, ಮರಾಠಿಯಲ್ಲಿ ಬೈಗುಳ ಶುರುವಾಯಿತು. ಮಧ್ವರಾಜರು ಕೈ ಮುಗಿದರು. ಸರಳಾಳ ಎದೆ ಉಬ್ಬಿತು. ನಲವತ್ತು ಸೆಕೆಂಡಾಗಿತ್ತು ಅಷ್ಟೆ, ಕಾಯಿಲಿನ ಮೈಯಲ್ಲಿ, ತುದಿಯಿಂದ ಮೂರನೇ ಒಂದು ಭಾಗ ಕೆಳಗೆ, ನೀಲಿ ಹುಳುವೊಂದು ಹರಿದಂತಾಯಿತು. ಚಟ್ ಎಂದಿತು. ಹೊಗೆ ಬಂತು. ಮಿಂಚು ಸತ್ತಿತು.

ಹೃಷಿಕೇಶ್ ಹತ್ತಿರ ಹೋಗಿ ಟಾರ್ಚ್ ಬಿಟ್ಟು ನೋಡಿದ. ತುಂಬ ಮರ್ಯಾದೆಯ ಹುಡುಗ, ದನಿ ತಗ್ಗಿಸಿಯೇ ಕೇಳಿದ. "ಆಂಟಿ, ತಪ್ಪು ತಿಳ್ಕೋಬೇಡಿ. ಎಲ್ಲಾದ್ರೂ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿರಬಹುದಾ?"

"ಎಂತದ್ದು? ನನ್ನ ಕಾಯಿಲಲ್ಲಿ ಸುತ್ತು ಹತ್ತುವುದಾ?" ಎಂದಳು ಸರಳಾ. "ಇಪ್ಪತ್ತೆರಡು ವರ್ಷ ಹತ್ತದ್ದು ನಿನ್ನ ಮುಖ ನೋಡಿ ಹತ್ತಿತಾ ಮಾರಾಯ? ನಿನ್ನ ಲೆಕ್ಕ ಸರಿ ಉಂಟಾ ನೋಡು ಮೊದಲು."

ಎರಡನೆಯದನ್ನು ಅವಳು ಹಟ ಹಿಡಿದು ಸುತ್ತಿದಳು. ಮಳೆಗಾಲದ ತೇವ ಇರಬಹುದು ಎಂದು ಹೃಷಿಕೇಶ್ ಅನುಮಾನಪಟ್ಟದ್ದರಿಂದ ಸುತ್ತಿದ ಕಾಯಿಲನ್ನು ಹೋಟೆಲಿನ ಅಡುಗೆಮನೆಯಲ್ಲಿ ದೋಸೆ ಕಾವಲಿಯ ಪಕ್ಕ ಎರಡು ದಿನ ಒಣಗಿಸಿದರು. ಆಮೇಲೆ ಸರಳಾ ಬೊಟ್ಟಿಟ್ಟಳು. ಮೊದಲಿನದು ಸುಟ್ಟಿತ್ತಲ್ಲ, ಯಾರ ದೃಷ್ಟಿ ತಾಗಿತ್ತೋ ಏನೋ, ಈ ಸಲ ಬೊಟ್ಟನ್ನು ಕೊಂಚ ದೊಡ್ಡದಾಗಿಯೇ ಇಟ್ಟಳು. ವಾರ್ನಿಶ್ ಐದು ಕೋಟ್. ಈ ಕಾಯಿಲ್ ಹದಿನೈದು ಸೆಕೆಂಡು ಬಾಳಿತು. ಸುಡುವಾಗ ಹಾಲ್ ತುಂಬ ತುಪ್ಪದ ದೋಸೆಯ ವಾಸನೆ ಹಬ್ಬಿ, ಕೆಳಗಿನ ಗಿರಾಕಿಯೊಬ್ಬ ಮೇಲೆ ಫ್ಯಾಮಿಲಿ ರೂಮ್ ಇದೆಯಾ ಎಂದು ಕೇಳಿಕೊಂಡು ಬಂದ.

ಮೂರನೆಯ ಸಲ ಹೃಷಿಕೇಶ್ ಮೂರು ರಾತ್ರಿ ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿ, ಬುಡದ ಸುರುಳಿಗೂ ಮೇಲಿನದಕ್ಕೂ ಸಾಮೀಪ್ಯ ಜಾಸ್ತಿಯಾಗಿ ಒತ್ತಡ ಏರುಪೇರಾಗುತ್ತಿದೆ ಎಂದು ತೀರ್ಮಾನಿಸಿದ. ಕಾಯಿಲನ್ನು ಊಟದ ಮಣೆಯೊಂದರ ಮೇಲೆ ಎತ್ತಿ ಕೂರಿಸಿದರು. ಸರಳಾ ಊರಿನಿಂದ ಬಂದವರ ಕೈಲಿ ಕೊಲ್ಲೂರಿನ ಕುಂಕುಮವನ್ನೇ ತರಿಸಿ, ಗಂಧವನ್ನು ದಪ್ಪಗೆ ತೇದು, ಒಂದು ರೂಪಾಯಿಯ ನಾಲ್ಕು ನಾಣ್ಯಗಳನ್ನು ಜೋಡಿಸಿಟ್ಟಷ್ಟು ದೊಡ್ಡ ಬೊಟ್ಟಿಟ್ಟಳು. ನಾಲ್ಕೇ ಸೆಕೆಂಡು. ಮಧ್ವರಾಜರಿಗೆ ಕಿರೀಟ ಸರಿಮಾಡಿಕೊಳ್ಳಲೂ ಪುರುಸೊತ್ತು ಸಿಗಲಿಲ್ಲ.

ಅಂದು ಕಮಿಟಿ ಅಲ್ಲೇ ಕೂತು ಮಾತಾಡಿತು. ಸರಳಾಳನ್ನು ಕೇಳದೆ, ಸರಳಾಳ ಎದುರಿಗೇ ಮಾತಾಡಿತು. "ಪ್ರಾಯ ಆಯ್ತು ನೋಡಿ, ಕೈ ನಡುಗುತ್ತದೆ, ಅದು ಅವಳ ತಪ್ಪಲ್ಲ" ಎಂದರು ಮಧ್ವರಾಜರು, ತಮಗಿಂತ ಹನ್ನೊಂದು ವರ್ಷ ಚಿಕ್ಕವಳ ಬಗ್ಗೆ. ನಾಲ್ಕನೆಯ ಕಾಯಿಲನ್ನು ಕಲ್ಯಾಣದ ಮಹಾದೇವಪ್ಪನಿಗೆ ಕೊಡುವುದೆಂದು ತೀರ್ಮಾನವಾಯಿತು. ಅವನದು ಮೋಟಾರ್ ರಿವೈಂಡಿಂಗ್ ಅಂಗಡಿ, ಅವನಲ್ಲಿ ಸುತ್ತುವ ಮಶೀನ್ ಇತ್ತು.

ಸರಳಾ ಸುಟ್ಟ ಕಾಯಿಲ್‌ಗಳನ್ನು ಹತ್ತಿರ ಎಳೆದುಕೊಂಡಳು. ಬಾಯಿ ತೆಗೆದಿದ್ದರೆ ಅತ್ತುಬಿಡುತ್ತಿದ್ದಳು. ಅವಳಿಗೆ ಓದು ಇರಲಿಲ್ಲ, ಮಕ್ಕಳಿರಲಿಲ್ಲ, ಊರಲ್ಲಿ ಆಸ್ತಿ ಇರಲಿಲ್ಲ. ಸರಳಾ ಸುತ್ತಿದ್ದು ಸುಡುವುದಿಲ್ಲ ಎಂಬ ಒಂದು ಹೆಸರಿತ್ತು. ಮಹಾದೇವಪ್ಪನ ಕಾಯಿಲ್ ಸುಡದೆ ಉಳಿದರೆ ಆ ಹೆಸರು ನಾಲ್ಕು ಜನರ ಎದುರು ಮಣ್ಣುಪಾಲು. ಸುಟ್ಟ ಮೂರೂ ಕಾಯಿಲ್‌ಗಳನ್ನು ಸೀರೆಯಲ್ಲಿ ಕಟ್ಟಿಕೊಂಡು ಅವಳು ಡೊಂಬಿವಲಿಗೆ ವಾಪಸಾದಳು. ಈ ಸಲ ಯಾರೂ ಸೀಟು ಬಿಡಲಿಲ್ಲ.

ಮಂಗಳವಾರ ಕಿಟ್ಟುವಿಗೆ ರಜೆ. ಬೆಳಿಗ್ಗೆ ಹನ್ನೊಂದಕ್ಕೆ ಅವನು ಪೇಪರ್ ಓದುತ್ತಿದ್ದಾಗ ಸರಳಾ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಮೊದಲ ಕಾಯಿಲನ್ನು ತೊಡೆಯ ಮೇಲೆ ಹಾಕಿಕೊಂಡಳು. ಮೀಟರು, ಲ್ಯಾಪ್‌ಟಾಪು ಅವಳಲ್ಲಿ ಇರಲಿಲ್ಲ. ಹೆಬ್ಬೆರಳಿನ ಉಗುರಿತ್ತು. ತುದಿಯಿಂದ ಉಗುರು ಎಳೆಯುತ್ತ ಒಂದೊಂದೇ ಸುತ್ತು ಎಣಿಸಿದಳು. ಎಲ್ಲೂ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿರಲಿಲ್ಲ. ನಾನೂರ ಮೂವತ್ತಕ್ಕೆ ಕಪ್ಪು ಕಲೆ ಶುರುವಾಯಿತು, ನಾನೂರ ಅರವತ್ತಕ್ಕೆ ಮುಗಿಯಿತು. ಎರಡನೆಯದರಲ್ಲಿ ಕಲೆ ಅದೇ ಜಾಗ, ನಾನೂರ ಇಪ್ಪತ್ತೆರಡರಿಂದ ನಾನೂರ ಎಪ್ಪತ್ತು. ಮೂರನೆಯದರಲ್ಲಿ ಇನ್ನೂ ದೊಡ್ಡದು. ಮೂರರಲ್ಲೂ ಕಲೆಯ ನಟ್ಟನಡು ಮಾತ್ರ ಹೆಚ್ಚು ಕಡಿಮೆ ಒಂದೇ ಸುತ್ತು.

ಮೂರು ಬೇರೆ ಬೇರೆ ಕಾಯಿಲ್ ಒಂದೇ ಕಡೆ ಯಾಕೆ ಸುಡಬೇಕು? ಅವಳು ವಾರ್ನಿಶ್ ಕರಗಿಸುವ ಥಿನ್ನರಿನಲ್ಲಿ ಹತ್ತಿ ಅದ್ದಿ ಕಲೆಯ ಅಂಚು ಉಜ್ಜಿದಳು. ಹತ್ತಿ ಕೆಂಪಾಯಿತು, ವಾರ್ನಿಶ್ ಕೆಂಪೇ ತಾನೆ, ಅದರಲ್ಲೇನೂ ವಿಶೇಷವಿಲ್ಲ. ಸುಮ್ಮನೆ ಮೂಗಿಗೆ ಹಿಡಿದಳು. ಥಿನ್ನರಿನ ಘಾಟು ಇಳಿದ ಮೇಲೆ ಇನ್ನೊಂದು ವಾಸನೆ ಬಂತು. ಗಂಧ.

ಸರಳಾ ಕಾಯಿಲನ್ನು ಬೊಟ್ಟಿಡುವಾಗ ಹಿಡಿಯುವಂತೆ ಎಡಗೈಯಲ್ಲಿ ಹಿಡಿದು, ಬಲಗೈಯ ಉಂಗುರದ ಬೆರಳನ್ನು ಮೊದಲ ಕಾಯಿಲಿನ ಕಪ್ಪು ಕಲೆಯ ಮೇಲೆ ಮೆಲ್ಲನೆ ಇಟ್ಟಳು. ಬೆರಳು ಆ ಗುಳಿಯಲ್ಲಿ ಅಳತೆ ತೆಗೆದು ಮಾಡಿಸಿದಂತೆ ಕೂತುಕೊಂಡಿತು.

"ಇಕೊಳ್ಳಿ, ಇಲ್ಲಿ ಬನ್ನಿ" ಎಂದಳು. ಕಿಟ್ಟು ಬಂದು ನೋಡಿದ. ಮೂರೂ ಕಾಯಿಲ್ ನೋಡಿದ, ಹೆಂಡತಿಯ ಬೆರಳು ನೋಡಿದ, ದೇವರ ಕೋಣೆಯ ಕುಂಕುಮದ ಭರಣಿಯನ್ನೂ ಒಮ್ಮೆ ನೋಡಿದ.

"ಹಾಗಾದ್ರೆ ಸುಟ್ಟದ್ದು ದೇವಿಯಾ?"

"ದೇವಿ ಯಾಕೆ ಸುಡ್ತಾಳೆ ಮಾರಾಯ್ರೆ, ಸುಟ್ಟದ್ದು ನಾನು. ಒದ್ದೆ ಗಂಧ ಇಟ್ಟು ಮೇಲಿನಿಂದ ವಾರ್ನಿಶ್ ಮುಚ್ಚಿದ್ದೇನೆ. ಒಣಗುವುದು ಎಲ್ಲಿಂದ? ಸುಟ್ಟ ಹಾಗೆಲ್ಲ ಬೊಟ್ಟು ದೊಡ್ಡ ಮಾಡಿದೆ, ಬೊಟ್ಟು ದೊಡ್ಡ ಆದ ಹಾಗೆಲ್ಲ ಬೇಗ ಸುಟ್ಟಿತು. ನನ್ನಂಥ ಪೆದ್ದಿ ಈ ಥಾಣೆ ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ."

"ಕಾರ್ಖಾನೆಯಲ್ಲಿ ಸುಡಲಿಲ್ಲವಲ್ಲ?"

"ಅವು ನಾನೂರು ವೋಲ್ಟಿನ ಬಡಪಾಯಿಗಳು. ಇದು ಲಕ್ಷದ ಮಾತು."

ಕಿಟ್ಟು ಮೂವತ್ತು ವರ್ಷ ಗಲ್ಲಾದಲ್ಲಿ ಕೂತವನ ಬುದ್ಧಿ ಹೇಳಿದ. "ಯಾರ ಹತ್ತಿರವೂ ಹೇಳ್ಲಿಕ್ಕೆ ಹೋಗ್ಬೇಡ. ಹೇಳಿದ್ರೆ ಮೊನ್ನೆ ಕೈ ನಡುಗುತ್ತದೆ ಅಂದವರು ನಾಳೆ ತಲೆ ಸರಿ ಇಲ್ಲ ಅಂತಾರೆ. ಖಾಲಿಪೀಲಿ ಲಫಡಾ, ಇಲ್ಲದ ರಗಳೆ ಯಾಕೆ?"

ಸರಳಾ ತಲೆಯಾಡಿಸಿದಳು. ಹೇಳುವ ಮನಸ್ಸು ಅವಳಿಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ಹೆದರಿದ್ದಳು.

ಭಾನುವಾರ ಮಹಾದೇವಪ್ಪ ತನ್ನ ಕಾಯಿಲ್ ಹಿಡಿದು ಬಂದ. ಗದಗಿನ ಕಡೆಯವನು, ಅರವತ್ತರ ಅಂಚು, ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ಸೌಜನ್ಯ ಎಂದರೆ ಅವನದು. ಬಂದವನೇ ಸರಳಾಗೆ ಕೈ ಮುಗಿದು, "ನಿಮ್ಮ ಹೆಸರು ಭಾಳ ಕೇಳೇನ್ರಿ ಅಕ್ಕಾರ. ನಾ ಏನಿದ್ರೂ ಮಶೀನಿನ ಮನಷ್ಯಾ. ನಿಮ್ಮ ಕೈ ಮುಂದ ನಾವು ಏನೂ ಅಲ್ಲ" ಎಂದ. ಬೈದಿದ್ದರೆ ಸಿಟ್ಟಾದರೂ ಮಾಡಬಹುದಿತ್ತು. ಸರಳಾಗೆ ಅದೂ ಇಲ್ಲದಂತಾಯಿತು. ಗೋಡೆಗೆ ಒರಗಿ ನಿಂತು, ತನ್ನ ಹೆಸರು ಮುಗಿಯುವುದನ್ನು ನೋಡಲು ಕಾದಳು.

ಸ್ವಿಚ್ ಒತ್ತಿದರು. ಮಿಂಚು ಹಾರಿತು. ಎದುರಿನ ಬಿಲ್ಡಿಂಗ್ ಬೈಯಿತು. ಆರನೇ ಸೆಕೆಂಡಿಗೆ ಚಟ್ ಚಟ್ ಚಟ್ ಎಂದು ಮೂರು ಸಲ ಕೇಳಿಸಿ, ಮಹಾದೇವಪ್ಪನ ಕಾಯಿಲೂ ಹೊಗೆಯಾಡಿತು.

ಮೊದಲು ಮಾತಾಡಿದವರು ಕಿರೀಟಧಾರಿ ಮಧ್ವರಾಜರು. "ಹಾಗಾದ್ರೆ ಕೈಯದ್ದಲ್ಲ, ಮಶೀನಿನದ್ದೂ ಅಲ್ಲ. ತಪ್ಪು ಈ ಎಂಜಿನಿಯರದ್ದು. ಕಂಪ್ಯೂಟರಿನವರಿಗೆ ಮಿಂಚಿನ ಕೆಲಸ ಕೊಟ್ಟದ್ದೇ ನಮ್ಮ ದೊಡ್ಡ ತಪ್ಪು. ಸರಳಾಳ ಕೈಯಲ್ಲಿ ಯಾವ ದೋಷವೂ ಇಲ್ಲ ಅಂತ ಇವತ್ತಿನ ಮಿನಿಟ್ಸಿನಲ್ಲಿ ಬರೀರಿ." ಕಾರ್ಯದರ್ಶಿ ಆಗಲೇ ಬರೆಯತೊಡಗಿದ.

ಹೆಸರು ವಾಪಸು ಬಂದಿತ್ತು, ಅದೂ ಲಿಖಿತವಾಗಿ. ಸರಳಾ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಕಿಟ್ಟು ತುಟಿಯ ಮೇಲೆ ಬೆರಳಿಟ್ಟು ಸನ್ನೆಯನ್ನೂ ಮಾಡಿದ. ಅವಳಿಗೆ ಎಷ್ಟು ಹಗುರವಾಯಿತೆಂದರೆ ಒಂದು ಕುರ್ಚಿ ಎಳೆದು ಕೂತುಬಿಟ್ಟಳು.

ಆಗ ಹೃಷಿಕೇಶ್ ಅವಳ ಹತ್ತಿರ ಬಂದ. ಮುಖ ಸಣ್ಣಗಾಗಿತ್ತು, ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು. "ಸಾರಿ ಆಂಟಿ. ಮೂರು ವಾರ ನಿಮ್ಮ ಕೈ ಮೇಲೆ ಅನುಮಾನ ಪಟ್ಟೆ. ಅಷ್ಟು ಚೆನ್ನಾಗಿ ಸುತ್ತಿದ್ರಿ, ನಾನೇ ಅದನ್ನ ಹಾಳು ಮಾಡ್ದೆ. ಎಲ್ಲಿ ತಪ್ಪಿದೀನೋ ಗೊತ್ತಾಗ್ತಿಲ್ಲ, ಆದ್ರೆ ತಪ್ಪು ನಂದೇ" ಎಂದು ಹೇಳಿ, ಬೋಗುಣಿಗಳನ್ನು ಕಿಟ್ಟುವಿಗೆ ವಾಪಸು ಕೊಡಲು ಬಿಚ್ಚತೊಡಗಿದ.

ಹುಡುಗ ಜಗಳವಾಡಿದ್ದರೆ ಸರಳಾ ಸುಮ್ಮನಿರುತ್ತಿದ್ದಳು, ಇದು ಖಂಡಿತ. ಕ್ಷಮೆ ಕೇಳಿದ್ದೇ ಎಡವಟ್ಟಾಯಿತು. ತಾನು ಮಾಡಿದ್ದಕ್ಕೆ ಇನ್ನೊಬ್ಬರು ಕ್ಷಮೆ ಕೇಳುವುದನ್ನು ಕೂತು ಕೇಳಿಸಿಕೊಳ್ಳುವಷ್ಟು ದಪ್ಪ ಚರ್ಮ ಅವಳಿಗಿರಲಿಲ್ಲ. ಎದ್ದು ಮಹಾದೇವಪ್ಪನ ಕಾಯಿಲಿನ ಹತ್ತಿರ ಹೋದಳು. ಅದರ ಮೈಮೇಲೆ ಬೆರಳಗಲದ ಮೂರು ಕಪ್ಪು ಪಟ್ಟೆ, ಒಂದರ ಕೆಳಗೊಂದು. ತಲೆಯೆತ್ತಿ ಮಹಾದೇವಪ್ಪನ ಹಣೆ ನೋಡಿದಳು.

"ಅಣ್ಣಾ, ನೀವು ಕಾಯಿಲಿಗೆ ವಿಭೂತಿ ಹಚ್ಚಿದ್ದೀರಾ?"

"ಹಚ್ಚದ ಹ್ಯಾಂಗ ಬಿಡಾಕ ಬರ್ತದ್ರಿ ಅಕ್ಕಾರ?" ಎಂದ ಮಹಾದೇವಪ್ಪ, ಪ್ರಶ್ನೆಯೇ ವಿಚಿತ್ರ ಎಂಬಂತೆ. "ನಮ್ಮಪ್ಪನ ಕಾಲದಿಂದ ಅಂಗಡಿ ಬಿಟ್ಟು ಮೋಟಾರ್ ಹೊರಗ ಹೋಗೂಮುಂದ ವಿಭೂತಿ ನೀರಾಗ ಕಲಿಸಿ ಮೂರು ಬಟ್ಟು ಎಳದು, ಮ್ಯಾಲೆ ವಾರ್ನಿಶ್ ಹೊಡದ ಕಳಸ್ತೀವ್ರಿ."

"ನಾನು ಗಂಧ ಕುಂಕುಮ" ಎಂದಳು ಸರಳಾ. ಕಾರ್ಯದರ್ಶಿಯ ಕಡೆ ತಿರುಗಿದಳು. "ಕಾರ್ಯದರ್ಶಿಗಳೇ, ಆ ಮಿನಿಟ್ಸು ಹೊಡೆದು ಹಾಕಿ. ಹೃಷಿಯ ತಪ್ಪಲ್ಲ ಇದು. ನನ್ನ ಮೂರು ಕಾಯಿಲ್ ಸುಟ್ಟದ್ದು ನನ್ನ ಬೊಟ್ಟಿನಿಂದ. ಮಂಗಳವಾರವೇ ಗೊತ್ತಾಗಿತ್ತು ನನಗೆ. ಹೆಸರು ಹೋಗ್ತದೆ ಅಂತ ಬಾಯಿ ಮುಚ್ಚಿಕೊಂಡಿದ್ದೆ."

ಹೃಷಿಕೇಶ್ ಸ್ಕ್ರೂಡ್ರೈವರ್ ಕೆಳಗೆ ಹಾಕಿ ಓಡಿ ಬಂದ. ಅವಳು ಕಲೆಯ ಮೇಲೆ ಬೆರಳಿಟ್ಟು ತೋರಿಸಿದಳು, ಸುತ್ತಿನ ಲೆಕ್ಕವನ್ನೂ ಹೇಳಿದಳು. ಅವನು ಅಲ್ಲೇ ನೆಲದ ಮೇಲೆ ಕೂತು ತಲೆ ಚಚ್ಚಿಕೊಂಡ. ಎಲ್ಲರೂ ಸುತ್ತ ನೆರೆದ ಮೇಲೆ ಬಿಡಿಸಿ ಹೇಳಿದ. ಇಡೀ ಕಾಯಿಲಿನ ಮೇಲೆ ಎರಡೂವರೆ ಲಕ್ಷ ವೋಲ್ಟ್ ಇದ್ದರೂ ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ನಡುವೆ ಇರುವುದು ನೂರೆಂಬತ್ತು ಮಾತ್ರ, ಅಷ್ಟನ್ನು ತಂತಿಯ ಮೇಲಿನ ಎನಾಮಲ್ ಲೇಪ ಸಲೀಸಾಗಿ ತಡೆಯುತ್ತದೆ. ಆದರೆ ಒದ್ದೆ ಬೊಟ್ಟು ಐವತ್ತು ಸುತ್ತುಗಳ ಮೇಲೆ ಒಟ್ಟಿಗೆ ಕೂರುತ್ತದೆ. ಬೊಟ್ಟಿನ ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ ಒಂಬತ್ತು ಸಾವಿರ ವೋಲ್ಟ್. ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಅದು ಆ ಕಡೆ ಈ ಕಡೆ ಎಳೆದಾಡಿದರೆ ಕುಂಕುಮವೇ ದಾರಿಯಾಗಿಬಿಡುತ್ತದೆ.

"ನಾನು ಕಂಪ್ಯೂಟರಲ್ಲಿ ಎಲ್ಲ ಹಾಕಿದ್ದೆ ಆಂಟಿ. ತೇವ ಹಾಕಿದ್ದೆ, ವಾರ್ನಿಶ್ ಹಾಕಿದ್ದೆ. ಕುಂಕುಮ ಹಾಕೋಕೆ ಅದರಲ್ಲಿ ಜಾಗಾನೇ ಇಲ್ಲ" ಎಂದ.

ಇಲ್ಲಿಗೆ ಮುಗಿಯಿತು ಎಂದುಕೊಂಡಿರಾ? ಕನ್ನಡ ಸಂಘದ ಕಮಿಟಿ ನೀವು ನೋಡಿಲ್ಲ. ಮಧ್ವರಾಜರು ಎದ್ದು ನಿಂತು, ಪೂಜೆಯಾಗದ ಆಯುಧವನ್ನು ಇಂದ್ರನಾದ ತಾವು ಮುಟ್ಟುವುದಿಲ್ಲ ಎಂದರು. ಅದನ್ನು ಯಾರು ಮುಟ್ಟಿದರೂ ಸಾಯುತ್ತಾರೆ ಸರ್, ಮುಟ್ಟಲೇಬಾರದು, ಎಂದು ಹೃಷಿಕೇಶ್ ನೆನಪಿಸಿದ. ಬೊಟ್ಟನ್ನು ಬುಡದ ಮರದ ಹಲಗೆಗೆ ಇಟ್ಟರಾಯಿತು ಎಂದು ಒಬ್ಬರು ಸೂಚಿಸಿದರು. ಕಾಲಿಗೆ ಯಾರಾದರೂ ಕುಂಕುಮ ಇಡುತ್ತಾರೆಯೇ ಎಂದು ಇನ್ನೊಬ್ಬರು ಕೆರಳಿದರು. ಕುಂಕುಮವಾದರೆ ವಿಭೂತಿಯೂ ಇರಲಿ ಎಂದು ಮಹಾದೇವಪ್ಪ ವಿನಯದಿಂದಲೇ ಪಟ್ಟು ಹಿಡಿದ. ನಾಮ ಯಾಕೆ ಬಿಡಬೇಕು ಎಂದು ಮೂರನೆಯವರು ಕೇಳಿದರು. ಕಿಟ್ಟು ಕೆಳಗಿನಿಂದ ಎರಡು ರೌಂಡ್ ಚಹಾ ತರಿಸಿದ.

ಕೊನೆಗೆ ಸರಳಾಳ ತಾಳ್ಮೆ ಹರಿಯಿತು. "ನಾನು ಇನ್ನೊಂದು ಸುತ್ತುತ್ತೇನೆ. ಬೊಟ್ಟಿಲ್ಲ, ವಿಭೂತಿ ಇಲ್ಲ, ನಾಮ ಇಲ್ಲ. ನಿಮಗೆ ಪೂಜೆ ಮಾಡಲೇಬೇಕು ಅಂತಾದ್ರೆ ಮಧ್ವರಾಜಣ್ಣನಿಗೆ ಮಾಡಿ, ಅವರಿಗೆ ಕರೆಂಟು ಕೊಡ್ಲಿಕ್ಕಿಲ್ಲವಲ್ಲ" ಎಂದಳು. ಚರ್ಚೆ ಅಲ್ಲಿಗೆ ನಿಂತಿತು.

ಸಂಘದ ಹಾಲ್‌ನಲ್ಲಿ ಹಾಗೆ ಹೇಳಿದ್ದು ಸುಲಭ. ಮನೆಯಲ್ಲಿ ಸಾವಿರದ ನಾಲ್ಕುನೂರನೆಯ ಸುತ್ತು ಮುಗಿಸಿ, ತಂತಿಯ ತುದಿ ಕಟ್ಟಿ, ವಾರ್ನಿಶಿನ ಬ್ರಶ್ ಕೈಗೆತ್ತಿಕೊಂಡಾಗ ಸರಳಾಳ ಕೈ ಮುಂದೆ ಹೋಗಲಿಲ್ಲ. ಕಾಯಿಲ್ ಬೋಳಾಗಿ ಕೂತಿತ್ತು. ಇಪ್ಪತ್ತೆರಡು ವರ್ಷ ಪ್ರತಿಯೊಂದು ಕಾಯಿಲ್ ಸುಡದೆ ಉಳಿದಾಗಲೂ, ಉಳಿಸಿದವಳು ಮೂಕಾಂಬಿಕೆ ಎಂದು ಒಳಗೊಳಗೇ ಅಂದುಕೊಂಡವಳು ಅವಳು. ಊರಿಗೆಲ್ಲ ಜಂಬ ಕೊಚ್ಚಿದ್ದು ನಿಜ, ಆದರೆ ತನ್ನ ಕೈಯನ್ನು ಅವಳು ಒಂದು ದಿನವೂ ಪೂರ್ತಿ ನಂಬಿರಲಿಲ್ಲ. ಇದು ಸುಟ್ಟರೆ ಹೇಳಿಕೊಳ್ಳಲು ಕುಂಕುಮವೂ ಇಲ್ಲ. ಬ್ರಶ್ ಕೆಳಗಿಟ್ಟಳು. ಆಮೇಲೆ ಒಮ್ಮೆ ಉಗುರಿನಿಂದ ಮೇಲಿಂದ ಕೆಳಗೆ ಎಲ್ಲ ಸುತ್ತು ಮುಟ್ಟಿ ನೋಡಿ, ಬಳಿದಳು.

ರಾಜ್ಯೋತ್ಸವದ ಸಂಜೆ ಥಾಣೆಯ ಬಾಡಿಗೆ ರಂಗಮಂದಿರದಲ್ಲಿ ಐನೂರು ಜನ. ವೇದಿಕೆಯ ಹಿಂದಿನ ಮೂಲೆಯಲ್ಲಿ ತಂತಿ ಬಲೆಯ ಪಂಜರ, ಅದರೊಳಗೆ ಕಾಯಿಲ್. ಏರ್ಪಾಡು ಇಷ್ಟೇ: ಇಂದ್ರ ಕೈ ಎತ್ತಿದರೆ ಹೃಷಿಕೇಶ್ ಸ್ವಿಚ್ ಹಾಕಬೇಕು, ಕೈ ಇಳಿಸಿದರೆ ಆರಿಸಬೇಕು, ಮೂವತ್ತು ಸೆಕೆಂಡಿನ ಕೆಲಸ. ಮಧ್ವರಾಜರು, "ಎಲೈ ವೃತ್ರನೇ" ಎಂದು ಗುಡುಗಿ ಕೈ ಎತ್ತಿದರು. ಎರಡಡಿ ಉದ್ದದ ಮಿಂಚು ಬೆನ್ನ ಹಿಂದೆಯೇ ಸಿಡಿಯಿತು. ಅಷ್ಟು ಉದ್ದದ್ದು ಸಂಘದ ಹಾಲ್‌ನಲ್ಲಿ ಒಮ್ಮೆಯೂ ಬಂದಿರಲಿಲ್ಲ. ಇಂದ್ರ ಹೆದರಿ ಕಲ್ಲಾಗಿಹೋದ. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು, ಮಾತು ಮರೆತುಹೋಯಿತು, ಕಣ್ಣು ಮಾತ್ರ ಪಿಳಿಪಿಳಿ ಎನ್ನುತ್ತಿತ್ತು.

ಕೈ ಇಳಿಯದೆ ಆರಿಸುವ ಹಾಗಿಲ್ಲ. ಹೃಷಿಕೇಶ್ ಶಿಸ್ತಿನ ಹುಡುಗ, ಸ್ವಿಚ್ಚಿನ ಮೇಲೆ ಬೆರಳಿಟ್ಟು ಕಾದ. ಪರದೆಯ ಬದಿಯಲ್ಲಿ ಸರಳಾ ಸೆರಗಿನ ತುದಿ ಹಿಸುಕುತ್ತ ಸೆಕೆಂಡು ಎಣಿಸುತ್ತಿದ್ದಳು. ನಾಲ್ಕು ದಾಟಿತು. ಹದಿನೈದು ದಾಟಿತು. ನಲವತ್ತಕ್ಕೆ 'ಆಫ್ ಮಾಡು ಮಾರಾಯ' ಎಂದು ಕೂಗಬೇಕೆನಿಸಿತು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅರವತ್ತು, ತೊಂಬತ್ತು. ಸಾಯಬೇಕಾಗಿದ್ದ ವೃತ್ರಾಸುರ ಕಾದು ಕಾದು ಬೇಸತ್ತು, ಎದ್ದು ಹೋಗಿ ಇಂದ್ರನ ಕೈಯನ್ನು ತಾನೇ ಹಿಡಿದು ಕೆಳಗಿಳಿಸಿ, ವಾಪಸು ಬಂದು ತನ್ನ ಜಾಗದಲ್ಲಿ ಸತ್ತ. ಅಷ್ಟು ಹೊತ್ತಿಗೆ ನೂರ ನಲವತ್ತೆಂಟು ಸೆಕೆಂಡು. ಮಿಂಚು ಆರಿತು. ಕಾಯಿಲಿನಿಂದ ಹೊಗೆ ಇರಲಿ, ಬಿಸಿಯ ವಾಸನೆಯೂ ಬರಲಿಲ್ಲ.

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಸರಳಾ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು, ಯಾರದೋ ಕೈ ನೋಡುವಂತೆ ನೋಡಿಕೊಂಡಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಮಧ್ವರಾಜರಿಗೆ ಜೀವ ಬಂದ ಮೇಲೆ ಮೈಕ್ ಹಿಡಿದರು. ಈ ಮಿಂಚು ಮನುಷ್ಯರಿಂದ ಆಗುವಂಥದ್ದಲ್ಲ, ಇದೆಲ್ಲ ಕೊಲ್ಲೂರು ಮೂಕಾಂಬಿಕೆಯ ಕೃಪೆ, ಎಂದು ಗದ್ಗದಿತರಾಗಿ ಹೇಳಿ, ಹಾಗೆಯೇ ತಮ್ಮ ಸಂಸ್ಥೆಯ ಅಡುಗೆಯ ಬಗ್ಗೆಯೂ ಎರಡು ಮಾತು ಸೇರಿಸಲು ಹೊರಟರು. ಅಷ್ಟರಲ್ಲಿ ಬದಿಯಿಂದ ಸರಳಾ ನಡೆದುಬಂದಳು. ಯಾರೂ ಕರೆದಿರಲಿಲ್ಲ. ಇಂದ್ರನ ಕೈಯಿಂದ ಮೈಕನ್ನು ಮೆಲ್ಲಗೆ ತೆಗೆದುಕೊಂಡಳು.

"ದೇವಿಯ ಕೃಪೆ ಉಂಟು, ಇಲ್ಲ ಅಂತ ಅಲ್ಲ" ಎಂದಳು. "ಸುತ್ತಿದ್ದು ನಾನು."

ಕಡೆಯ ಸಾಲಿನವರಿಗೂ ಅದು ಸ್ಪಷ್ಟವಾಗಿ ಕೇಳಿಸಿತು.